ಕಪಿಲೆಯಲ್ಲಿ ಪಾದರಸ

ಕವಲಂದೆಯ ಪುಟ್ಟಬಸವಯ್ಯನಿಗೆ ನೀರು ಹಿಡಿಯುವ ಕೆಲಸ. ನೀರು ಹಿಡಿಯುವುದೆಂದರೆ ಬೀದಿ ನಲ್ಲಿಯ ಮುಂದೆ ಬಿಂದಿಗೆ ಸಾಲು ಮಾಡಿ ಜಗಳಕ್ಕೆ ನಿಲ್ಲುವುದಲ್ಲ. ಸರ್ಕಾರದ ಸಂಬಳದಲ್ಲಿ, ಸರ್ಕಾರದ ಬಾಟಲಿಯಲ್ಲಿ, ಸರ್ಕಾರ ಗೊತ್ತುಮಾಡಿದ ದಿನ ಹೊಳೆಗೆ ಇಳಿದು ಒಂದು ಲೀಟರ್ ನೀರು ತುಂಬಿ ಮೈಸೂರಿನ ಪ್ರಯೋಗಾಲಯಕ್ಕೆ ಕಳಿಸುವುದು. ನಂಜನಗೂಡಿನ ಸ್ಟೇಷನ್ ರಸ್ತೆಯಲ್ಲಿ, ಸೈಕಲ್ ಅಂಗಡಿಯೊಂದರ ಮಹಡಿ ಮೇಲಿನ ಒಂದು ಕೋಣೆಯೇ ಅವನ ಕಚೇರಿ. ಪ್ರತಿ ತಿಂಗಳ ಎರಡನೇ ಮಂಗಳವಾರ ನಂಜನಗೂಡಿನ ಸ್ನಾನಘಟ್ಟದಲ್ಲಿ ಒಂದು ಬಾಟಲಿ, ತಿ. ನರಸೀಪುರದಲ್ಲಿ ಕಪಿಲೆ ಕಾವೇರಿಗೆ ಸೇರುವ ಮೊದಲು ಇನ್ನೊಂದು ಬಾಟಲಿ. ಉಳಿದ ದಿನಗಳಲ್ಲಿ ಬಾಟಲಿ ತೊಳೆಯುವುದು, ಒಣಗಿಸುವುದು, ತೊಳೆದದ್ದನ್ನು ಪುನಃ ತೊಳೆಯುವುದು.

ಹೀಗೆ ತೊಳೆಯಬೇಕೆಂದು ಕಲಿಸಿದವರು ಮೈಸೂರಿನ ಪ್ರಯೋಗಾಲಯದ ಕೆಮಿಸ್ಟ್ ಚಂಪಕ ಮೇಡಂ. ಮೂವತ್ತು ದಾಟಿರದ, ಮಾತು ಕಡಿಮೆಯ ಹೆಣ್ಣುಮಗಳು. ಅವನನ್ನು ಕೂರಿಸಿಕೊಂಡು ಒಂದೇ ಸಲ ಹೇಳಿದ್ದರು:

"ನೋಡಿ ಪುಟ್ಟಬಸವಯ್ಯ, ನಾವು ಹುಡುಕೋದು ಕಣ್ಣಿಗೆ ಕಾಣೋ ಕೊಳೆ ಅಲ್ಲ. ಒಂದು ಗ್ರಾಮನ್ನ ಹತ್ತು ಲಕ್ಷ ಪಾಲು ಮಾಡಿ. ಅದರಲ್ಲಿ ಒಂದೇ ಒಂದು ಪಾಲು ಒಂದು ಲೀಟರ್ ನೀರಿನಲ್ಲಿದ್ರೂ ನಮ್ಮ ಯಂತ್ರ ಹಿಡಿದುಬಿಡುತ್ತೆ. ಅದಕ್ಕೇ ಬಾಟಲಿ ಬಾಯಿಗೆ ಬಟ್ಟೆ ತಾಗಬಾರದು, ಕಾಗದ ತಾಗಬಾರದು, ಮುಚ್ಚಳದ ಒಳಗಡೆ ಬೆರಳು ಇಡಬಾರದು. ತಿಳೀತಾ?"

ತಿಳಿಯಿತು. ಅಂದಿನಿಂದ ಪುಟ್ಟಬಸವಯ್ಯ ಊರಿನ ಪಾಲಿಗೆ ಕಷ್ಟದ ಮನುಷ್ಯನಾದ. ಸಂಜೆ ರೈಲಿಳಿದು ಕವಲಂದೆಯ ಮನೆಗೆ ಬಂದವನು ಹೆಂಡತಿ ಗೋವಿಂದಮ್ಮ ಕೊಟ್ಟ ಚೊಂಬನ್ನು ಬೆಳಕಿಗೆ ಹಿಡಿದು, "ಇದ್ರಾಗೆ ಏನೇನೈತೆ ಅಂತ ಗೊತ್ತಾ ನಿಂಗೆ? ಹತ್ತು ಲಕ್ಷದಲ್ಲಿ ಒಂದು ಪಾಲು!" ಎನ್ನುತ್ತಿದ್ದ. ಗೋವಿಂದಮ್ಮ ತಿರುಗಿಯೂ ನೋಡದೆ, "ಆ ಅತ್ತು ಲಕ್ಸ ಆಮೇಲೆ ಎಣಿಸೀವಂತೆ, ಮೊದ್ಲು ಅಂಡೇಲಿ ನೀರೈತಾ ನೋಡು" ಎನ್ನುತ್ತಿದ್ದಳು. ಮದುವೆ ಮನೆಗಳಲ್ಲಿ ಅವನ ಪಕ್ಕದಲ್ಲಿ ಊಟಕ್ಕೆ ಕೂರಲು ಜನ ಹಿಂದೆಗೆಯುವಂತಾಯಿತು. ಪಾಯಸದ ಕುರಿತು ಅವನು ಏನು ಹೇಳಿಬಿಡುತ್ತಾನೋ ಎಂಬ ಭಯ.

ಸಾವಿರದ ಒಂಬೈನೂರ ಎಂಬತ್ತನಾಲ್ಕನೇ ಇಸವಿಯ ಫೆಬ್ರವರಿ. ಎರಡನೇ ಮಂಗಳವಾರದ ಮುಂಚಿನ ದಿನ, ಬಾಟಲಿಗಳ ಪೆಟ್ಟಿಗೆಗೆ ಸುತ್ತಿದ್ದ ತಗಡಿನ ಪಟ್ಟಿ ಅವನ ಎಡಗೈ ಹೆಬ್ಬೆರಳನ್ನು ಕೊಯ್ದಿತು. ಆಸ್ಪತ್ರೆಯ ಕಾಂಪೌಂಡರು ಅದಕ್ಕೆ ಹತ್ತಿಯಲ್ಲಿ ಕೆಂಪು ಔಷಧಿ ಬಳಿದು, ಅರ್ಧ ಶೀಷೆ ಮನೆಗೂ ಕೊಟ್ಟು ಕಳಿಸಿದರು. ಪುಟ್ಟಬಸವಯ್ಯ ಔಷಧಿಯ ವಿಷಯದಲ್ಲಿ ಧಾರಾಳಿ. ರಾತ್ರಿ ಒಂದು ಸಲ, ಬೆಳಿಗ್ಗೆ ಎರಡು ಸಲ ಬಳಿದುಕೊಂಡು, ಬೆರಳು ಮಾಗಿದ ತೊಂಡೆಹಣ್ಣಿನಂತಾದ ಮೇಲೆ ಕೆಲಸಕ್ಕೆ ಹೊರಟ.

ನಂಜನಗೂಡಿನ ಬಾಟಲಿ ಕ್ರಮವಾಗಿ ತುಂಬಿತು. ನರಸೀಪುರದಲ್ಲಿ ಮೆಟ್ಟಿಲಿಳಿದು, ಬಾಟಲಿಯನ್ನು ಹೊಳೆಯ ನೀರಿನಲ್ಲೇ ಮೂರು ಸಲ ಗಲಬರಿಸಿ, ನಾಲ್ಕನೆಯ ಸಲ ತುಂಬಿಸಿ ಮೇಲೆತ್ತಿದಾಗ, ಕಂಕುಳಲ್ಲಿ ಇಟ್ಟುಕೊಂಡಿದ್ದ ಮುಚ್ಚಳ ಜಾರಿ ನೀರಿಗೆ ಬಿತ್ತು. ಅದು ಒಂದು ಕ್ಷಣ ಅವನ ಮುಂದೆಯೇ ತೇಲುತ್ತ ನಿಂತಿದ್ದು, ಅವನು ಕೈ ಚಾಚಿದ ಕೂಡಲೆ ಸಂಗಮದ ಕಡೆಗೆ ಹೊರಟುಹೋಯಿತು.

ಇಂಥ ಸಮಯಕ್ಕೆಂದೇ ಇಲಾಖೆ ಒಂದು ಹೆಚ್ಚಿನ ಬಾಟಲಿ ಕೊಟ್ಟಿತ್ತು. ಅದರಲ್ಲಿ ಗೋವಿಂದಮ್ಮ ಹರಳೆಣ್ಣೆ ಇಟ್ಟಿದ್ದಳು.

ಪುಟ್ಟಬಸವಯ್ಯ ನಿಯಮಗಳನ್ನು ನೆನೆದ. ಬಟ್ಟೆ ತುರುಕುವಂತಿಲ್ಲ. ಕಾಗದ ತುರುಕುವಂತಿಲ್ಲ. ಮುಚ್ಚಳದ ಒಳಗೆ ಬೆರಳಿಡಬಾರದೆಂದಿತ್ತು, ನಿಜ. ಆದರೆ ಮುಚ್ಚಳವೇ ಇಲ್ಲದ ಮೇಲೆ ಆ ನಿಯಮ ಅನ್ವಯಿಸುವುದಿಲ್ಲ. ಕಾನೂನಿನ ಈ ಸೂಕ್ಷ್ಮವನ್ನು ಕಂಡುಕೊಂಡು ಅವನು ಎಡಗೈ ಹೆಬ್ಬೆರಳನ್ನು ಬಾಟಲಿಯ ಬಾಯಿಗೆ ಬಿಗಿಯಾಗಿ ತುರುಕಿ, ನಂಜನಗೂಡಿನ ಬಸ್ಸು ಹತ್ತಿದ.

"ಟಿಕೆಟ್ ಯಾರ್ರೀ?" ಕಂಡಕ್ಟರು ಬಂದು ನಿಂತ. "ಏನ್ರೀ ಅದು, ಬೆರಳು ಸಿಕ್ಕಾಕ್ಕೊಂಡೈತಾ?"

"ಇಲ್ಲ ಸಾ."

"ಮತ್ತೆ ತೆಗೀರಿ."

"ತೆಗ್ಯೋ ಅಂಗಿಲ್ಲ ಸಾ."

"ಅಂದ್ರೆ ಸಿಕ್ಕಾಕ್ಕೊಂಡೈತೆ ಅಂತ ತಾನೆ?"

"ಸಿಕ್ಕಾಕ್ಕೊಂಡಿಲ್ಲ ಸಾ, ನಾನೇ ಇಟ್ಕಂಡಿವ್ನಿ."

ಈ ಉತ್ತರದ ಮೇಲೆ ಅಕ್ಕಪಕ್ಕದವರು ನಿಧಾನವಾಗಿ ಎದ್ದು ಹಿಂದಿನ ಸೀಟುಗಳಿಗೆ ಹೋದರು. ಮುಂದಿನ ಸೀಟಿನ ಮುದುಕಿಯೊಬ್ಬಳು ಮಾತ್ರ ಕರುಣೆಯಿಂದ, ಸೀಮೆಎಣ್ಣೆ ಹಾಕಿದರೆ ಸಲೀಸಾಗಿ ಬರುತ್ತದೆಂದಳು. ಇನ್ನೊಬ್ಬ, ಬಾಟಲಿ ಕೊಯ್ಯುವುದೇ ವಾಸಿ ಎಂದ. ಸುತ್ತೂರು ದಾಟುವವರೆಗೂ ಬಸ್ಸಿನಲ್ಲಿ ಚರ್ಚೆ ನಡೆಯಿತು. ಬೆರಳು ಹೊರಗೆ ಬರಲಿಲ್ಲ.

ಕಚೇರಿಯಲ್ಲಿ ಬೇರೊಂದು ಮುಚ್ಚಳ ಹುಡುಕಿ ಬಿಗಿದಾಗ ಹೆಬ್ಬೆರಳು ನೀರಿನಲ್ಲಿ ನೆನೆದು ಸುಕ್ಕಾಗಿತ್ತು, ಬಣ್ಣ ಹೋಗಿ ಬೆಳ್ಳಗಾಗಿತ್ತು. ಕೆಂಪೆಲ್ಲ ಎಲ್ಲಿಗೆ ಹೋಯಿತೆಂದು ಅವನು ಯೋಚಿಸಲಿಲ್ಲ. ನಮೂನೆಯ ಕಾಗದದಲ್ಲಿ 'ಎಲ್ಲವೂ ಕ್ರಮದಂತೆ' ಎಂದು ಬರೆದು ಸಹಿ ಹಾಕಿ ಮೈಸೂರಿಗೆ ಕಳಿಸಿದ.

ಎಂಟು ದಿನಕ್ಕೆ ವರದಿ ಬಂತು. ಪಾದರಸದ ಕಾಲಮ್ಮಿನಲ್ಲಿ ನಂಜನಗೂಡಿನ ಬಾಟಲಿಯ ಎದುರು ಒಂದು ಅಡ್ಡಗೀಟು. ನರಸೀಪುರದ ಬಾಟಲಿಯ ಎದುರು: ಇಪ್ಪತ್ತೆರಡು ಮೈಕ್ರೋಗ್ರಾಂ. ಚಂಪಕ ಮೇಡಂ ಮೂರು ಸಲ ಯಂತ್ರಕ್ಕೆ ಕೊಟ್ಟಿದ್ದರು. ಮೂರು ಸಲವೂ ಇಪ್ಪತ್ತೆರಡು. ಕುಡಿಯುವ ನೀರಿನಲ್ಲಿ ಒಂದಕ್ಕಿಂತ ಹೆಚ್ಚಿರಬಾರದು.

ಗುಪ್ತವಾಗಿರಬೇಕಾದ ಆ ಕಾಗದ ನರಸೀಪುರದ ಬಸ್ ಸ್ಟ್ಯಾಂಡಿಗೆ ಬಂದು ಸೇರುವ ಹೊತ್ತಿಗೆ 'ಮೈಕ್ರೋ' ದಾರಿಯಲ್ಲೆಲ್ಲೋ ಉದುರಿಹೋಗಿ ಇಪ್ಪತ್ತೆರಡು ಗ್ರಾಂ ಆಗಿತ್ತು. ಸಂತೆಮಾಳದಲ್ಲಿ ಇಪ್ಪತ್ತೆರಡು ಸೇರಾಯಿತು. ಸಂಜೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರ ಬಾಯಲ್ಲಿ ಅದು ಇಪ್ಪತ್ತೆರಡು ಪಲ್ಲವಾಗಿ, ಬಂಡೆಗಳ ಸಂದಿನಲ್ಲಿ ಮಡುಗಟ್ಟಿ ಹೊಳೆಯುತ್ತಿರುವುದನ್ನು ಕಂಡವರೂ ಇಬ್ಬರು ಸಿಕ್ಕರು. ಮರುದಿನ ಬೆಳಿಗ್ಗೆ ಏಳೆಂಟು ಜನ ಹಳೆಯ ಪಂಚೆ ಹಿಡಿದು ಹೊಳೆಯನ್ನು ಸೋಸುತ್ತಿದ್ದರು. ಪಾದರಸಕ್ಕೆ ಅಕ್ಕಸಾಲಿಗರು ಒಳ್ಳೆಯ ಬೆಲೆ ಕೊಡುತ್ತಾರೆಂದು ಯಾರೋ ಹೇಳಿದ್ದರು.

ಎರಡೂ ಊರುಗಳ ನಡುವೆ ಮಾತು ಬೆಳೆಯಿತು. ನರಸೀಪುರದವರು, ಮೇಲಿನಿಂದ ನಂಜನಗೂಡಿನವರೇ ಬಿಟ್ಟಿದ್ದಾರೆಂದರು. ನಂಜನಗೂಡಿನವರು ಅಡ್ಡಗೀಟು ತೋರಿಸಿ, ನಮ್ಮಲ್ಲಿಂದ ಹೊಳೆ ಶುದ್ಧವಾಗಿಯೇ ಹೊರಟಿದೆ, ಆಮೇಲೆ ಅದು ಯಾರ ಸಹವಾಸ ಮಾಡಿತೋ ನಾವು ಕಾಣೆವು ಎಂದರು. ತಾಲ್ಲೂಕು ಕಚೇರಿಯಿಂದ ತಮಟೆಯ ಚಲುವಯ್ಯ ಹೊರಟು ಬೀದಿಬೀದಿಯಲ್ಲಿ ಸಾರಿದ: "ಕೇಳ್ರಪ್ಪೋ ಕೇಳಿ! ಒಳೇಲಿ ಪಾದರಸ ಬಂದದೆ! ನೀರು ಕುಡೀಬಾರ್ದು! ಮೀನು ತಿನ್ನಬಾರ್ದು! ಮುಂದ್ಲ ಆರ್ಡರ್ ಬರೋಗಂಟ!"

ಊರಿಗೆ ಇದು ಸುದ್ದಿ. ಸಂತೆಮಾಳದ ಮಂಚಮ್ಮನಿಗೆ ಮಾತ್ರ ಸುದ್ದಿಯಲ್ಲ. ಅವಳು ಹೊಳೆಯ ಮೀನು ಮಾರಿ ಮನೆ ನಡೆಸುವವಳು. ಆ ದಿನ ತಂದ ಬುಟ್ಟಿ ತಂದ ಹಾಗೇ ಉಳಿಯಿತು. ಮರುದಿನವೂ ಉಳಿಯಿತು. ಮೂರನೆಯ ದಿನ ಗಿರಾಕಿಗಳು ಅವಳ ಅಂಗಡಿ ಬರುವ ಮೊದಲೇ ರಸ್ತೆ ದಾಟಿ ಆಚೆ ಬದಿಯಿಂದ ಹೋಗತೊಡಗಿದರು.

ಅದೇ ವಾರ ನರಸೀಪುರದಲ್ಲಿ ಕಪಿಲಾ ಜಲರಕ್ಷಣಾ ಸಮಿತಿ ಹುಟ್ಟಿತು. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರ್ ವ್ಯಾಸರಾಜರು. ನಿವೃತ್ತಿಯಾಗಿ ಆರು ವರ್ಷ ಕಳೆದಿದ್ದರೂ ಅವರ ಕೈಗೆ ಒಂದು ಯೋಗ್ಯ ಅನ್ಯಾಯ ಸಿಕ್ಕಿರಲಿಲ್ಲ. ಸಮಿತಿಯ ಮೊದಲ ಕಾರ್ಯಕ್ರಮವೇ ಪಾದರಸವನ್ನು ಹಿಡಿದ ಪುಟ್ಟಬಸವಯ್ಯನಿಗೆ ಸನ್ಮಾನ.

ಶಾಲೆಯ ಹಾಲಿನಲ್ಲಿ ಶಾಲು ಹೊದಿಸಿ, ಸೇವಂತಿಗೆ ಹಾರ ಹಾಕಿದರು. ವ್ಯಾಸರಾಜರು ಕನ್ನಡಕ ಒರೆಸಿಕೊಂಡು ಹೇಳಿದರು: "ಮಹನೀಯರೇ, ಈತ ಕಾಣದಿದ್ದರೆ ಯಾರು ಕಾಣುತ್ತಿದ್ದರು? ಹತ್ತು ಲಕ್ಷದಲ್ಲಿ ಒಂದು ಪಾಲನ್ನು ಕಾಣುವ ಕಣ್ಣು! ಈತ ಇಲ್ಲದಿದ್ದರೆ ನಾವೆಲ್ಲ ಒಬ್ಬೊಬ್ಬರಾಗಿ ತಳಕ್ಕೆ ಕೂತು ಹೋಗುತ್ತಿದ್ದೆವು."

ಪುಟ್ಟಬಸವಯ್ಯ ಎದ್ದು, ಯಂತ್ರ ಕಂಡದ್ದೆಂದು ಹೇಳಬಹುದಾಗಿತ್ತು. ಅದನ್ನು ಹೇಳದೆ, "ಎಲ್ಲ ಕ್ರಮದಂತೆ ಮಾಡಿದೀನಿ" ಎಂದ. ಭಾರಿ ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಬಾಗಿಲ ಬಳಿಯಿಂದ ಒಂದು ಹೆಣ್ಣುದನಿ ಕೇಳಿತು:

"ಅಣ್ಣಯ್ಯ, ಆ ಪಾದ್ರಸಾನ ನೀನು ಕಣ್ಣಾರೆ ಕಂಡ್ಯಾ?"

ಮಂಚಮ್ಮ ಖಾಲಿ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು.

"ಕಣ್ಣಿಗೆ ಕಾಣಕ್ಕಿಲ್ಲ ಕಣಕ್ಕ ಅದು."

"ಕಾಣ್ದೇ ಇರೋದ್ಕೆ ಆರ ಆಕ್ತಾವ್ರೆ. ನನ್ ಮೀನು ಕಾಣ್ತದೆ, ಯಾರೂ ತಗಳಾಕಿಲ್ಲ. ಆಗ್ಲಿ ಬುಡು." ಅವಳು ಹೊರಟುಹೋದಳು. ವಂದನಾರ್ಪಣೆ ಸ್ವಲ್ಪ ಸಪ್ಪೆಯಾಯಿತು.

ಮರುವಾರ ಚಂಪಕ ಮೇಡಂ ತಾವೇ ಬಂದರು. ಒಂದು ಬಾಟಲಿಯ ಮೇಲೆ ಊರೆರಡು ಜಗಳಕ್ಕೆ ನಿಂತದ್ದು ಅವರಿಗೆ ಸರಿತೋರಿರಲಿಲ್ಲ. ನರಸೀಪುರದಲ್ಲಿ ಜೀಪಿನಿಂದ ಇಳಿದು, ಹೊಳೆಯ ಮೆಟ್ಟಿಲ ಮೇಲೆ ನಿಂತು, "ಹೋದ ಸಲ ನೀವು ಹೇಗೆ ತುಂಬಿದಿರಿ, ಹಾಗೇ ತೋರಿಸಿ" ಎಂದರು. ಪುಟ್ಟಬಸವಯ್ಯ ಬಾಟಲಿ ತೆಗೆದುಕೊಂಡ. ಬೆರಳಿನ ಗಾಯ ಕೀವಾಗಿ ಇನ್ನೂ ಮಾಯ್ದಿರಲಿಲ್ಲ. ಬೆಳಿಗ್ಗೆಯೇ ಹೊಸದಾಗಿ ಬಳಿದುಕೊಂಡು ಬಂದಿದ್ದ.

"ಅದೇನು ಬೆರಳಿಗೆ?"

"ಗಾಯ ಮೇಡಂ. ತಗಡು ಕೊಯ್ತು."

"ಹೋದ ಸಲವೂ ಇತ್ತಾ?"

"ಇತ್ತು ಮೇಡಂ. ಆದ್ರೂ ಡ್ಯೂಟಿ ಬಿಡ್ಲಿಲ್ಲ."

"ಏನು ಔಷಧಿ ಅದು?"

"ಕೆಂಪೌಷದಿ ಮೇಡಂ."

"ಕೆಂಪೌಷಧಿಗೆ ಒಂದು ಹೆಸರಿರುತ್ತಲ್ಲ, ಪುಟ್ಟಬಸವಯ್ಯ."

ಅವನು ಜೇಬಿನಿಂದ ಶೀಷೆ ತೆಗೆದು, ಅದರ ಚೀಟಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ: "ಮರ್… ಕ್ಯುರೋ… ಕ್ರೋಮ್."

ಚಂಪಕ ಮೇಡಂ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: "ಮರ್ಕ್ಯುರಿ ಅಂದ್ರೆ ಏನು ಗೊತ್ತಾ?"

"ಇಲ್ಲ ಮೇಡಂ."

"ಪಾದರಸ."

ಪುಟ್ಟಬಸವಯ್ಯ ಬೆರಳನ್ನು ನೋಡಿದ. ಶೀಷೆಯನ್ನು ನೋಡಿದ. ಹೊಳೆಯ ಕಡೆಗೆ ನೋಡಲು ಧೈರ್ಯ ಬರಲಿಲ್ಲ.

"ಆದ್ರೆ ಹಿಡಿಯೋವಾಗ ಸ್ವಲ್ಪ ತಾಗಿದ್ರೆ ಇಷ್ಟೊಂದು ಬರಬಾರದು," ಎಂದರು ಮೇಡಂ. "ಬಾಟಲಿ ಒಳಗೆ ಬೆರಳು ಹೋಗಿತ್ತಾ?"

"ಹೋಗಿತ್ತು ಮೇಡಂ."

"ಎಷ್ಟು ಹೊತ್ತು?"

"ಇಲ್ಲಿಂದ ನಂಜನಗೂಡುಗಂಟ."

ಮುಚ್ಚಳದ ಕಥೆ, ಹರಳೆಣ್ಣೆಯ ಕಥೆ, ಬಸ್ಸಿನ ಕಥೆ ಎಲ್ಲ ಹೊರಗೆ ಬಂತು. ಮೇಡಂ ಬೈಯಲಿಲ್ಲ. "ಆ ಔಷಧಿ ಒಂದು ಹನಿ ಬಿದ್ರೆ ಇನ್ನೂರು ಲೀಟರ್ ನೀರು ಕುಡಿಯೋಕೆ ಲಾಯಕ್ಕಿಲ್ಲ ಅಂತ ನಮ್ಮ ಯಂತ್ರ ಹೇಳುತ್ತೆ," ಎಂದಷ್ಟೇ ಅಂದು, ಅವನನ್ನು ಹತ್ತು ಮೆಟ್ಟಿಲು ಮೇಲೆ, ಹೊಳೆಗೆ ಬೆನ್ನು ಮಾಡಿ ನಿಲ್ಲಿಸಿ, ತಾವೇ ನೀರಿಗೆ ಇಳಿದು ಆರು ಬಾಟಲಿ ತುಂಬಿಕೊಂಡು ಹೋದರು.

ಹೊಸ ವರದಿ ಬಂತು. ಆರು ಬಾಟಲಿಯಲ್ಲೂ ಒಂದೇ ಒಕ್ಕಣೆ: 'ಪಾದರಸ – ಪತ್ತೆಯಾಗಿಲ್ಲ.' ವಿಜ್ಞಾನದ ಭಾಷೆಯಲ್ಲಿ ಇದಕ್ಕಿಂತ ನೆಮ್ಮದಿಯ ಮಾತಿಲ್ಲ. ತಾಲ್ಲೂಕು ಕಚೇರಿಯವರು ಅದನ್ನು ಅಕ್ಷರಶಃ ಚಲುವಯ್ಯನ ಕೈಗೆ ಕೊಟ್ಟರು. ಚಲುವಯ್ಯ ಇಪ್ಪತ್ತು ವರ್ಷದಿಂದ ತಮಟೆ ಹೊಡೆಯುತ್ತಿದ್ದವನು. 'ಪತ್ತೆಯಾಗಿಲ್ಲ' ಎಂಬ ಮಾತನ್ನು ಯಾವ ರಾಗದಲ್ಲಿ ಹೇಳಬೇಕೆಂಬುದು ಅವನಿಗೆ ಗೊತ್ತಿತ್ತು.

"ಕೇಳ್ರಪ್ಪೋ ಕೇಳಿ! ಒಳೇಲಿದ್ದ ಪಾದರಸ ಪತ್ತೆಯಾಗಿಲ್ಲಾ! ಎಲ್ಲಾರ ಕಂಡೋರು ತಾಲ್ಲೂಕ್ ಕಚೇರಿಗೆ ತಿಳಿಸ್ಬೇಕೂ!"

ಕೊನೆಯ ವಾಕ್ಯ ಅವನದೇ ಸೇರ್ಪಡೆ; ದನಕರು ಪತ್ತೆಯಾಗದಿದ್ದಾಗಲೆಲ್ಲ ಸೇರಿಸುತ್ತಿದ್ದ.

ಊರು ನಡುಗಿತು. ಇಪ್ಪತ್ತೆರಡು ಪಲ್ಲ ಪಾದರಸ ತಲೆ ತಪ್ಪಿಸಿಕೊಂಡಿದೆ! ಹೊಳೆಯಲ್ಲಿ ಇರುವವರೆಗೆ ಎಲ್ಲಿದೆ ಎಂದಾದರೂ ಗೊತ್ತಿತ್ತು. ಈಗ ಬಾವಿಯಲ್ಲೋ, ಕಾಲುವೆಯಲ್ಲೋ, ಯಾರ ಮನೆಯ ತೊಟ್ಟಿಯಲ್ಲೋ! ವ್ಯಾಸರಾಜರು ತುರ್ತುಸಭೆ ಕರೆದರು. ಮೇಡಂ ಅವರ ಆಜ್ಞೆಯಂತೆ ಪುಟ್ಟಬಸವಯ್ಯ ಆ ಸಭೆಗೆ ಹೋಗಿ, ಹಿಂದಿನ ವೇದಿಕೆಯ ಮೇಲೆಯೇ ನಿಂತು ಸತ್ಯ ಹೇಳಬೇಕಾಯಿತು.

"ಪಾದರಸ ಒಳೇಲಿ ಇರ್ಲೇ ಇಲ್ಲ ಸಾ. ನನ್ ಬೆರಳಲ್ಲಿತ್ತು."

ಅವನು ಬೆರಳೆತ್ತಿ ತೋರಿಸಿದ. ಮುಚ್ಚಳ ಬಿದ್ದದ್ದು, ಬೆರಳು ತುರುಕಿದ್ದು, ಕೆಂಪು ಔಷಧಿಯ ಹೆಸರು, ಒಂದನ್ನೂ ಬಿಡದೆ ಹೇಳಿದ. ವ್ಯಾಸರಾಜರು ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟರು. ಕಣ್ಣಲ್ಲಿ ನೀರಿತ್ತು.

"ಯಾರಪ್ಪ ನಿನ್ನನ್ನ ಹೆದರಿಸಿದೋರು?"

"ಯಾರೂ ಇಲ್ಲ ಸಾ."

"ನೋಡಿ! ಹೆಸರು ಹೇಳೋಕೂ ಬಿಡದಷ್ಟು ಹೆದರಿಸಿದ್ದಾರೆ! ಒಂದು ಹೊಳೆ ಪಾದರಸ ಒಂದು ಬೆರಳಲ್ಲಿತ್ತಂತೆ! ಮಹನೀಯರೇ, ಹತ್ತು ಲಕ್ಷದಲ್ಲಿ ಒಂದನ್ನು ಕಂಡವನು ತನ್ನ ಸ್ವಂತ ಬೆರಳನ್ನು ಕಾಣಲಿಲ್ಲವೆಂದರೆ ನಂಬುವವರುಂಟೆ?"

ನಂಬುವವರು ಯಾರೂ ಇರಲಿಲ್ಲ. ನಂಜನಗೂಡಿನವರ ಕೈವಾಡ ಎಂದರು ಕೆಲವರು. ಹೋದ ಸಲ ಹಾರ ತಂದವನೇ ಈ ಸಲ, ದುಡ್ಡು ತಿಂದಿದ್ದಾನೆ ಎಂದು ಕೂಗಿದ. ತಪ್ಪು ಹೇಳಿದಾಗ ಶಾಲು ಹೊದಿಸಿದ ಹಾಲಿನಿಂದಲೇ, ಸರಿ ಹೇಳಿದ ಪುಟ್ಟಬಸವಯ್ಯ ಹಿಂಬಾಗಿಲಿನಿಂದ ಹೊರಗೆ ಬಂದ.

ಹಿಂಬಾಗಿಲಿನಲ್ಲಿ ಮಂಚಮ್ಮ ನಿಂತಿದ್ದಳು.

"ನಾನು ನಂಬ್ತೀನಿ ಕಣಣ್ಣ."

"ನೀನಾ?"

"ಊಂ. ಬೆರಳ ಬಾಟ್ಲಿಗೆ ತೂರಿಸ್ಕಂಡು ಬಸ್ಸಲ್ಲಿ ಕುಂತಿದ್ದೆ ಅಂದ್ಯಲ್ಲ, ಅದ ಕೇಳ್ದಾಗ್ಲೇ ನಂಬ್ದೆ. ಅಂಗೆ ಮಾಡೋ ಮುಖವೇ ನಿಂದು." ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. "ಈಗ ಒಂದ್ ಕೆಲ್ಸ ಮಾಡು. ನಾಳಿಂದ ದಿನಾ ಅಂಗ್ಡಿ ತಕ್ಕೆ ಬಾ. ನಮ್ಮ ಒಳೆ ಮೀನ ಎಲ್ಲಾರ್ ಎದುರ್ಗೂ ತಿನ್ನು. ನೀನು ಕೆಡಿಸಿದ್ ಯಾಪಾರ, ನೀನೇ ಸರಿ ಮಾಡು."

ಪುಟ್ಟಬಸವಯ್ಯ ಒಪ್ಪಿಕೊಂಡ. ನರಸೀಪುರಕ್ಕೆ ಅವನು ಹೇಗೂ ಬರಲೇಬೇಕಿತ್ತು: ಜನ ಅನುಮಾನಿಸುತ್ತಾರೆಂದು ತಿಳಿದ ಚಂಪಕ ಮೇಡಂ, ಹತ್ತು ದಿನ, ದಿನಕ್ಕೊಂದು ಬಾಟಲಿ ನೀರು ಕಳಿಸಬೇಕೆಂದು ಆಜ್ಞೆ ಮಾಡಿದ್ದರು. ಜೊತೆಗೆ ಒಂದು ಎಚ್ಚರಿಕೆಯ ಮೆಮೊ, ಗಾಯಕ್ಕೆ ಬೇರೆ ಮುಲಾಮು, ಮುಚ್ಚಳವನ್ನು ಬಾಟಲಿಗೆ ಕಟ್ಟಲು ಒಂದು ಉಂಡೆ ನೈಲಾನ್ ದಾರ.

ಮೊದಲ ದಿನ ಮಂಚಮ್ಮ ಅಂಗಡಿಯ ಮುಂದೆಯೇ ಮೂರು ಕಲ್ಲು ಹೂಡಿ, ಖಾರ ಅರೆದು, ಎರಡು ಮೀನು ಹುರಿದು ಎಲೆಯ ಮೇಲೆ ಹಾಕಿದಳು. ಸುತ್ತಲೂ ಜನ ಸೇರಿದರು, ಸರ್ಕಸ್ಸಿಗೆ ಸೇರಿದ ಹಾಗೆ. ವ್ಯಾಸರಾಜರು ಮೀನಿನ ವಾಸನೆಗೆ ಮೂಗಿಗೆ ಉತ್ತರೀಯ ಮುಚ್ಚಿಕೊಂಡು, ರಸ್ತೆಯ ಆಚೆ ಬದಿಯಲ್ಲಿ ನೋಟ್‌ಬುಕ್ಕು ಹಿಡಿದು ನಿಂತರು. ಸತ್ಯಕ್ಕೆ ಸಾಕ್ಷಿ ಬೇಕೆಂಬುದು ಅವರ ವಾದ.

ಪುಟ್ಟಬಸವಯ್ಯ ಮುಳ್ಳು ಬಿಡಿಸಿ ಬಾಯಿಗಿಟ್ಟ.

"ಒಳಗೆ ಓಯ್ತು!" ಎಂದ ಒಬ್ಬ.

"ನಾಲ್ಗೆ ತೋರಿಸ್ಲಿ, ಒಳೀತದಾ ನೋಡವ!" ಎಂದ ಇನ್ನೊಬ್ಬ.

ನಾಲಗೆ ತೋರಿಸಿದ. ಕೆಂಪಗಿತ್ತು, ಖಾರಕ್ಕೆ. ವ್ಯಾಸರಾಜರು ಬರೆದುಕೊಂಡರು. 'ಮೊದಲ ದಿನ: ನಾಲಗೆ ಕೆಂಪು. ಕಣ್ಣಲ್ಲಿ ನೀರು. ಬೆವರು.'

ಎರಡನೆಯ ದಿನ ಅವನು ಬದುಕಿ ಬಂದದ್ದಕ್ಕೆ ಸ್ವಲ್ಪ ನಿರಾಸೆಯಾಯಿತು. ಮೂರನೆಯ ದಿನ ಭಾರ ಹೆಚ್ಚಿರಬೇಕೆಂದು ಅಕ್ಕಿ ಅಂಗಡಿಯ ತಕ್ಕಡಿಯಲ್ಲಿ ಕೂರಿಸಿ ತೂಗಿದರು. ಐದನೆಯ ದಿನ ಪುನಃ ತೂಗಿದಾಗ ಒಂದು ಸೇರು ನಿಜಕ್ಕೂ ಹೆಚ್ಚಾಗಿತ್ತು. ಪಾದರಸ ಒಳಗೆ ಇಳಿಯುತ್ತಿದೆ ಎಂದರು ಸಮಿತಿಯವರು. "ಒಳೀಕ್ ಇಳೀತಾ ಇರೋದು ನನ್ ಮೀನು," ಎಂದಳು ಮಂಚಮ್ಮ, ಎಲೆಯ ಮೇಲೆ ಮೂರನೆಯದನ್ನು ಹಾಕುತ್ತ. ಕವಲಂದೆಯಲ್ಲಿ ಗೋವಿಂದಮ್ಮ, ಗಂಡ ರಾತ್ರಿಯ ಮುದ್ದೆಯನ್ನು ಅರ್ಧಕ್ಕೇ ಬಿಡುವುದನ್ನು ಕಂಡು, ಸರ್ಕಾರ ಇವನಿಗೆ ಎಂಥ ಶಿಕ್ಷೆ ಕೊಟ್ಟಿದೆಯೆಂದು ವಿಚಾರಿಸಿದಳು.

ಆರನೆಯ ದಿನ, ನೋಡಲು ನಿಂತಿದ್ದ ಗಾಡಿಯವನೊಬ್ಬ ತಡೆಯಲಾರದೆ, "ನಂಗೂ ಒಂದು ಆಕವ್ವ, ವಾಸ್ನೆಗೇ ಜೀವ ಓಯ್ತಾ ಅದೆ," ಎಂದು ಪುಟ್ಟಬಸವಯ್ಯನ ಪಕ್ಕದಲ್ಲಿ ಕುಳಿತ. ಏಳನೆಯ ದಿನ ನಾಲ್ವರು ಕುಳಿತರು. ಎಂಟನೆಯ ದಿನ ಜನ ಎಲೆಗಾಗಿ ತಳ್ಳಾಡಿದರು. ಒಂಬತ್ತನೆಯ ದಿನ ವ್ಯಾಸರಾಜರು ನೋಟ್‌ಬುಕ್ಕು ಮುಚ್ಚಿ, 'ಪರಿಸ್ಥಿತಿ ತಿಳಿಯಾಗಿದೆ' ಎಂದು ಕಡೆಯ ಸಾಲು ಬರೆದು, ಊರಿನ ಬೀದಿದೀಪಗಳ ವಿಷಯ ಕೈಗೆತ್ತಿಕೊಂಡರು.

ಹತ್ತನೆಯ ದಿನ ಪುಟ್ಟಬಸವಯ್ಯ ಹೊಳೆಗೆ ಇಳಿದು, ದಾರ ಕಟ್ಟಿದ ಮುಚ್ಚಳದ ಬಾಟಲಿಯನ್ನು ಕ್ರಮದಂತೆ ತುಂಬಿ, ಬೆಳಿಗ್ಗೆಯಿಂದ ಏನೂ ತಿನ್ನದೆ ಕಾದಿಟ್ಟ ಹಸಿವಿನೊಂದಿಗೆ ಸಂತೆಮಾಳಕ್ಕೆ ಬಂದ. ಒಲೆ ಆರಿತ್ತು. ಮಂಚಮ್ಮ ಬುಟ್ಟಿಯನ್ನು ಬೋರಲು ಹಾಕಿ, ಪಕ್ಕದಲ್ಲಿ ಕುಳಿತು ಎಲೆಗೆ ಸುಣ್ಣ ಸವರುತ್ತಿದ್ದಳು.

"ನನ್ ಮೀನು ಎಲ್ಲಕ್ಕ?"

"ಅತ್ತು ಗಂಟೆಗೇ ಕಾಲಿ."

"ಒಂದಾದ್ರೂ ಮಡಗಬಾರ್ದಿತ್ತಾ ನಂಗೆ?"

"ನಿಂಗ್ಯಾಕಪ್ಪ ಇನ್ನೂವೆ?" ಮಂಚಮ್ಮ ಎಲೆಯನ್ನು ಮಡಿಸಿ ಬಾಯಿಗಿಟ್ಟುಕೊಂಡಳು. "ಈಗ ಅವರೇ ತಿಂತಾವ್ರಲ್ಲ."

ಪುಟ್ಟಬಸವಯ್ಯ ಖಾಲಿ ಬುಟ್ಟಿಯನ್ನೊಮ್ಮೆ ನೋಡಿದ. ಆಮೇಲೆ ಬಾಟಲಿಯನ್ನು ಎದೆಗೆ ಒತ್ತಿಕೊಂಡು, ಗೆಲುವಾಗಿ, ಬರಿಹೊಟ್ಟೆಯಲ್ಲಿ ನಂಜನಗೂಡಿನ ಬಸ್ಸು ಹತ್ತಿದ.